ಸೀಮಿತ ಸಂಖ್ಯೆಯ ನಾಣ್ಯಗಳು: ಸಂಗ್ರಾಹಕರಿಗೆಷ್ಟು, ಡೀಲರ್‌ಗಳಿಗೆಷ್ಟು?

ಅಂಚುಗೆರೆ:
ಸೀಮಿತ ಸಂಖ್ಯೆಯ ನಾಣ್ಯ ಬಿಡುಗಡೆಯಾದಾಗಲೆಲ್ಲ ಏಳುವ ಕೂಗು ಒಂದೇ: ಡೀಲರ್‌ಗಳು ಎಲ್ಲವನ್ನೂ ಬಾಚಿಕೊಂಡರು. ಬೈದು ಸುಮ್ಮನಾಗುವ ಬದಲು, ಹಂಚಿಕೆಯ ನಿಯಮದಲ್ಲಿ ತೂತು ಎಲ್ಲಿದೆ, ಅದನ್ನು ಹೇಗೆ ಮುಚ್ಚಬಹುದು ಎಂದು ಬಿಡಿಸಿ ನೋಡೋಣ.

2017ರ ಏಪ್ರಿಲ್‌ನಲ್ಲಿ ಅಮೆರಿಕದ ಟಂಕಸಾಲೆ 'ಎಸ್' (ಸ್ಯಾನ್ ಫ್ರಾನ್ಸಿಸ್ಕೊ) ಗುರುತಿನ ಪ್ರೂಫ್ (ಸಂಗ್ರಾಹಕರಿಗೆಂದು ಹೊಳಪು ಕೊಟ್ಟು ಒತ್ತಿದ) ಸಿಲ್ವರ್ ಈಗಲ್ ಬೆಳ್ಳಿ ನಾಣ್ಯ ಇದ್ದ ಕಂಗ್ರ್ಯಾಚುಲೇಷನ್ಸ್ ಸೆಟ್ ಮಾರಿತು. ಒಟ್ಟು 75,000 ಸೆಟ್. ಮನೆಗೆ ಇಷ್ಟೇ ಎಂಬ ಮಿತಿ ಇರಲಿಲ್ಲ, ಕೆಲವೇ ನಿಮಿಷದಲ್ಲಿ ಖಾಲಿ. 2019ರ ನವೆಂಬರ್ 14ರಂದು ಅದೇ ಟಂಕಸಾಲೆ ಎನ್‌ಹ್ಯಾನ್ಸ್ಡ್ ರಿವರ್ಸ್ ಪ್ರೂಫ್ ಎಂಬ ವಿಶೇಷ ಹೊಳಪಿನ ಸಿಲ್ವರ್ ಈಗಲ್ ಬಿಟ್ಟಿತು. ಒಟ್ಟು 30,000, ಮನೆಗೆ ಒಂದೇ. ಅದೂ ಸುಮಾರು 20 ನಿಮಿಷದಲ್ಲಿ ಮುಗಿಯಿತು. ಮಿತಿ ಇಲ್ಲದಾಗಲೂ ಇದ್ದಾಗಲೂ ಹೊರಗುಳಿದವರಿಗೆ ಕಂಡದ್ದು 'ಸ್ಟಾಕ್ ಇಲ್ಲ' ಎಂಬ ಒಂದೇ ಸಾಲು.

ಹಾಗೆಂದು ಮಿತಿ ದಂಡವಾಯಿತು ಎನ್ನುವುದು ತಪ್ಪು. ಮನೆಗೆ ಒಂದು ಎಂದರೆ 30,000 ನಾಣ್ಯ ಸುಮಾರು 30,000 ವಿಳಾಸಗಳಿಗೆ ಹೋಗಲೇಬೇಕು. 2011ರ 25ನೇ ವಾರ್ಷಿಕೋತ್ಸವದ ಈಗಲ್ ಸೆಟ್ 1,00,000 ಇದ್ದರೂ ಮನೆಗೆ ಐದು ಕೊಟ್ಟಿದ್ದರಿಂದ 20,000 ಮನೆಗಳಲ್ಲೇ ಮುಗಿದುಹೋಗಬಹುದಿತ್ತು. ಹಾಗಾಗಿ ಹೊರಗೆ ಹೇಳುವ ಒಟ್ಟು ಸಂಖ್ಯೆಗಿಂತ, ಅದನ್ನು ತಲಾ ಮಿತಿಯಿಂದ ಭಾಗಿಸಿದರೆ ಬರುವ ಸಂಖ್ಯೆ ಮುಖ್ಯ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಡೀಲರ್ ಇರುವುದೇ ಅನ್ಯಾಯವಲ್ಲ. ಡೀಲರ್‌ಗೆ ಎಷ್ಟು ಹೋಯಿತು ಎಂದು ಯಾರಿಗೂ ಗೊತ್ತಾಗದಿರುವುದು ಅನ್ಯಾಯ, ಬೆರಳಿನ ವೇಗ ನೋಡಿ ನಾಣ್ಯ ಹಂಚುವುದೂ ಅನ್ಯಾಯ. ಮೊದಲು ಬಂದವರಿಗೆ ಮೊದಲು ಎನ್ನುವುದನ್ನು ಬಿಟ್ಟು ಚೀಟಿ ಎತ್ತಬೇಕು, ಡೀಲರ್ ಪಾಲನ್ನು ಮಾರಾಟಕ್ಕೆ ಮುಂಚೆಯೇ ಪ್ರಕಟಿಸಬೇಕು.

ಸರತಿಸಾಲು:
ವೇಗದ ವಿಷಯದಲ್ಲಿ ಸ್ವಲ್ಪ ಒಳಗೆ ಹೋಗಿ ನೋಡಬೇಕು. ಇಂಥ ಮಾರಾಟದಲ್ಲಿ ವೆಬ್‌ಸೈಟ್ ಸ್ಟಾಕ್ ಲೆಕ್ಕವನ್ನು ಎರಡು ಜಾಗದಲ್ಲಿ ಕಳೆಯಬಹುದು: ಕಾರ್ಟ್‌ಗೆ ಹಾಕಿದಾಗ, ಇಲ್ಲವೇ ಹಣ ಕಟ್ಟಿದಾಗ. ಕಾರ್ಟ್‌ನಲ್ಲೇ ಕಳೆದರೆ ಬಾಟ್‌ಗಳು (ತಾವಾಗಿಯೇ ಕೊಳ್ಳುವ ಪ್ರೋಗ್ರಾಂಗಳು) ಸಾವಿರಾರು ಕಾರ್ಟ್ ತುಂಬಿಸಿ ಹಿಡಿದಿಟ್ಟುಕೊಳ್ಳುತ್ತವೆ. ಹಣ ಕಟ್ಟಿದಾಗ ಕಳೆದರೆ, ಕಾರ್ಟ್‌ನಲ್ಲಿ ನಾಣ್ಯ ಇಟ್ಟುಕೊಂಡು ಕಾರ್ಡ್ ನಂಬರ್ ಬರೆಯುತ್ತಿರುವವರ ಕಣ್ಣೆದುರೇ ನಾಣ್ಯ ಮಾಯವಾಗುತ್ತದೆ. ಜನ ಹೆಚ್ಚು ನೊಂದುಕೊಳ್ಳುವುದು ಈ ಎರಡನೆಯದಕ್ಕೆ, ಏಕೆಂದರೆ ಸಿಕ್ಕಿತು ಅಂದುಕೊಂಡದ್ದು ಕೈತಪ್ಪುತ್ತದೆ.

ಇದಕ್ಕೆ ಪರಿಹಾರ ಹೊಸದೇನಲ್ಲ. ಮಾರಾಟಕ್ಕೆ ಮೊದಲು ಒಂದು ಕಾಯುವ ಕೊಠಡಿ ತೆರೆಯಬೇಕು. ಮಾರಾಟ ಶುರುವಾಗುವ ಹೊತ್ತಿಗೆ ಅಲ್ಲಿ ಇದ್ದವರೆಲ್ಲರನ್ನೂ ಕಲಸಿ, ಯದ್ವಾತದ್ವಾ ಕ್ರಮದಲ್ಲಿ ಸರತಿ ಸಂಖ್ಯೆ ಕೊಡಬೇಕು. ಆಗ ಒಂದು ಸೆಕೆಂಡ್ ಮುಂಚೆ ಬಂದ ಬಾಟ್‌ಗೆ ಯಾವ ಲಾಭವೂ ಇಲ್ಲ. ನಾಣ್ಯ 30,000 ಇದ್ದು ನಿಮ್ಮ ಸಂಖ್ಯೆ 52,000 ಬಂದರೆ ತಕ್ಷಣ ಹೇಳಿಬಿಡಬೇಕು, ಗಂಟೆಗಟ್ಟಲೆ ಕಾಯಿಸಬಾರದು. ಒಳಗೆ ಬಿಟ್ಟವರಿಗೆ ನಾಣ್ಯವನ್ನು ಹತ್ತು ನಿಮಿಷ ಕಾದಿರಿಸಿ, ಹಣ ಕಟ್ಟದಿದ್ದರೆ ಮುಂದಿನ ಸಂಖ್ಯೆಯವರನ್ನು ಕರೆಯಬೇಕು. ಖಾತೆ ತೆರೆದು, ವಿಳಾಸ ಪರಿಶೀಲನೆಯಾಗಿ ಕನಿಷ್ಠ ಒಂದು ವಾರ ಆಗಿದ್ದವರಿಗೆ ಮಾತ್ರ ಆ ಕೊಠಡಿಗೆ ಪ್ರವೇಶ ಇರಬೇಕು. ಮಾರಾಟದ ಬೆಳಿಗ್ಗೆ ಹುಟ್ಟಿಕೊಳ್ಳುವ ಖಾತೆಗಳು ಹೆಚ್ಚಾಗಿ ಸಂಗ್ರಾಹಕರದ್ದಾಗಿರುವುದಿಲ್ಲ.

2021ರ ಮೇ 24ರಂದು ಮಾರ್ಗನ್ ಡಾಲರ್ ಎಂಬ ಬೆಳ್ಳಿ ನಾಣ್ಯದ ಮುಂಗಡ ಮಾರಾಟದಲ್ಲಿ ಅಮೆರಿಕದ ಟಂಕಸಾಲೆಯ ವೆಬ್‌ಸೈಟ್ ಕುಸಿದು, ಉಳಿದ ನಾಣ್ಯಗಳ ಮುಂಗಡ ಬುಕಿಂಗನ್ನು ಮುಂದೂಡಬೇಕಾಯಿತು. ಅಲ್ಲಿ ಒಂದು ಮಾದರಿಗೆ 1,75,000 ನಾಣ್ಯ ಇದ್ದವು. ಅಷ್ಟಿದ್ದರೂ ಎಲ್ಲರೂ ಒಂದೇ ನಿಮಿಷಕ್ಕೆ ಬಾಗಿಲು ತಟ್ಟಿದರೆ ಆಗುವುದು ಇದೇ.

ತಕ್ಕಡಿ:
ಡೀಲರ್‌ಗಳ ಕಡೆಯ ಲೆಕ್ಕವನ್ನೂ ಇಲ್ಲಿ ಇಡುತ್ತೇನೆ, ಇಲ್ಲದಿದ್ದರೆ ಚರ್ಚೆ ಒಂಟಿಗಾಲಿನಲ್ಲಿ ನಿಲ್ಲುತ್ತದೆ.

ಟಂಕಸಾಲೆ ವರ್ಷಕ್ಕೆ ಹತ್ತಾರು ನಾಣ್ಯ ಹೊರತರುತ್ತದೆ. ಅದರಲ್ಲಿ ಜನ ಮುಗಿಬೀಳುವುದು ಒಂದೋ ಎರಡೋ. ಉಳಿದವು ಉಗ್ರಾಣದಲ್ಲೇ ಕೂರುತ್ತವೆ. ಆ ಉಳಿದವನ್ನು ನೂರರ ಲೆಕ್ಕದಲ್ಲಿ ಕೊಂಡು, ಹಣ ಕಟ್ಟಿಹಾಕಿಕೊಂಡು, ವರ್ಷಗಟ್ಟಲೆ ನಿಧಾನವಾಗಿ ಮಾರುವವರು ಡೀಲರ್‌ಗಳು. ಇಂಟರ್ನೆಟ್ ಬಳಸದ ಹಿರಿಯ ಸಂಗ್ರಾಹಕರಿಗೆ ನಾಣ್ಯ ತಲುಪಿಸುವವರೂ, ಸಂಗ್ರಹವನ್ನು ಮಾರಬೇಕಾಗಿ ಬಂದಾಗ ಎದುರು ಕೂತು ಬೆಲೆ ಹೇಳಿ ಕೊಳ್ಳುವವರೂ ಅವರೇ. ಡೀಲರ್ ಕೈಗೆ ಒಂದೂ ನಾಣ್ಯ ಸಿಗದ ಬಿಡುಗಡೆಗೆ ಮುಂದೆ ಮರುಮಾರುಕಟ್ಟೆಯೇ ಬೆಳೆಯುವುದಿಲ್ಲ. ಕೊಳ್ಳುವ, ಮಾರುವ ಎರಡೂ ಬೆಲೆ ದಿನವೂ ಹೇಳುವವರು ಯಾರಾದರೂ ಬೇಕಲ್ಲವೇ?

ಆದ್ದರಿಂದ ಡೀಲರ್‌ಗೆ ಸೊನ್ನೆ ಎನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಹತ್ತರಲ್ಲಿ ಒಂದು ಪಾಲು, ಬಹಿರಂಗವಾಗಿ ಘೋಷಿಸಿ, ಟಂಕಸಾಲೆಯ ಬೆಲೆಗಿಂತ ಸ್ವಲ್ಪ ಹೆಚ್ಚು ಹಣ ಪಡೆದು ಕೊಡಲಿ. ಅವರು ಆನ್‌ಲೈನ್ ಸರತಿಗೆ ಬರುವಂತಿಲ್ಲ ಎಂದು ಬರೆಸಿಕೊಳ್ಳಲಿ. ಹಿಂಬಾಗಿಲು ಮುಚ್ಚಬೇಕೆಂದರೆ ಮುಂಬಾಗಿಲು ತೆರೆದಿರಬೇಕು.

ಅಂಚುಗೆರೆ:
ತಕ್ಕಡಿ ಅವರೇ, ಹತ್ತರಲ್ಲಿ ಒಂದು ಎನ್ನುವುದಕ್ಕೆ ನನ್ನ ತಕರಾರಿಲ್ಲ. ಆದರೆ ನೀವು ಹೇಳಿದ 'ಉಳಿದ ನಾಣ್ಯಗಳನ್ನೂ ಕೊಳ್ಳುತ್ತಾರೆ' ಎಂಬುದರಲ್ಲೇ ಒಂದು ಅಪಾಯ ಅಡಗಿದೆ. ಯಾರೂ ಕೇಳದ ಹತ್ತು ನಾಣ್ಯ ಕೊಂಡವರಿಗೆ ಬೇಡಿಕೆಯ ಒಂದು ನಾಣ್ಯ ಎಂಬ ಅಲಿಖಿತ ಒಪ್ಪಂದ ಶುರುವಾದರೆ, ಆ ಹತ್ತರ ನಷ್ಟವನ್ನು ಡೀಲರ್ ಈ ಒಂದರ ಬೆಲೆಗೆ ಸೇರಿಸುತ್ತಾರೆ. ಕೊನೆಗೆ ತುಂಬಿಕೊಡುವವರು ಸಂಗ್ರಾಹಕರೇ.

ಡೀಲರ್ ಮೂಲಕವೇ ಮಾರುವುದಾದರೂ ನಿಯಮ ಹಾಕಬಹುದು ಎಂಬುದಕ್ಕೆ 2010ರ ಉದಾಹರಣೆ ಇದೆ. 'ಅಮೆರಿಕ ದ ಬ್ಯೂಟಿಫುಲ್' ಸರಣಿಯ ಐದು ಔನ್ಸ್ ಬೆಳ್ಳಿ ನಾಣ್ಯ, ಪ್ರತಿ ವಿನ್ಯಾಸಕ್ಕೆ 33,000 ಮಾತ್ರ. ಅಧಿಕೃತ ಖರೀದಿದಾರರ ಮೂಲಕವೇ ಮಾರಾಟವಾಗುವ ಬಗೆ ಅದು. ಬೆಲೆ ಗಗನಕ್ಕೇರುವ ಸೂಚನೆ ಕಂಡಾಗ ಟಂಕಸಾಲೆ ಮಾರಾಟ ತಡೆದು ಷರತ್ತು ಹಾಕಿತು: ತಾವು ಕೊಟ್ಟ ಬೆಲೆಯ ಮೇಲೆ ಶೇ 10ಕ್ಕಿಂತ ಹೆಚ್ಚು ಸೇರಿಸುವಂತಿಲ್ಲ, ಒಂದು ಮನೆಗೆ ಪ್ರತಿ ವಿನ್ಯಾಸದ ಒಂದೇ ನಾಣ್ಯ, ತಮ್ಮ ಸಿಬ್ಬಂದಿಗೆ ಮಾರುವಂತಿಲ್ಲ. ಪಾಲು ಕೊಡುವ ಕೈಗೆ ಷರತ್ತು ಹಾಕುವ ಬಲವೂ ಇರುತ್ತದೆ. ಸರಕು ಕೈದಾಟಿದ ಮೇಲೆ ಆ ಬಲ ಉಳಿಯುವುದಿಲ್ಲ.

ಹಿಮ್ಮುಖ:
ಡೀಲರ್‌ಗಳು ಒಂದೇ ನಾಣ್ಯದ ನೂರಾರು ಪ್ರತಿಗಳ ಹಿಂದೆ ಬೀಳುವುದೇಕೆ ಎಂಬುದನ್ನು ಯಾರೂ ಮುಟ್ಟಲಿಲ್ಲ. ಕಾರಣ ಗ್ರೇಡಿಂಗ್, ಅಂದರೆ ನಾಣ್ಯದ ಸ್ಥಿತಿ ನೋಡಿ ಅಂಕ ಕೊಡುವುದು.

ಗ್ರೇಡಿಂಗ್ ಕಂಪನಿಗಳು 1ರಿಂದ 70ರವರೆಗಿನ ಅಳತೆಯಲ್ಲಿ ಅಂಕ ಕೊಡುತ್ತವೆ. ಹೊಸ ಪ್ರೂಫ್ ನಾಣ್ಯ ಹೆಚ್ಚಾಗಿ 69 ಇಲ್ಲವೇ 70 ಪಡೆಯುತ್ತದೆ. ಎರಡರ ನಡುವಿನ ವ್ಯತ್ಯಾಸ ಐದು ಪಟ್ಟು ಹಿಗ್ಗಿಸಿ ನೋಡಿದರೆ ಕಾಣುವ ಒಂದು ಚುಕ್ಕೆ, ಒಂದು ಕೂದಲೆಳೆ ಗೀರು. ಬೆಲೆಯ ವ್ಯತ್ಯಾಸ ಮಾತ್ರ ತುಂಬಾ ದೊಡ್ಡದು. ಡೀಲರ್‌ಗಳು ನಾಣ್ಯಗಳನ್ನು ರಾಶಿಯಾಗಿ ಕಳಿಸುವಾಗ ಕನಿಷ್ಠ ಅಂಕದ ಷರತ್ತು ಹಾಕಬಹುದು: 70 ಬಂದದ್ದನ್ನು ಮಾತ್ರ ಸ್ಲ್ಯಾಬ್‌ಗೆ (ಅಂಕ ಬರೆದು ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಗೆ) ಹಾಕಿ, ಉಳಿದದ್ದನ್ನು ಹಾಗೇ ವಾಪಸ್ ಕೊಡಿ. ಹೀಗೆ ಮರಳಿದವು ಮೂಲ ಕ್ಯಾಪ್ಸೂಲ್‌ಗೆ ಸೇರಿ, ಡಬ್ಬಿ ಮತ್ತು ಸರ್ಟಿಫಿಕೇಟ್ ಸಮೇತ 'ಟಂಕಸಾಲೆಯ ಮೂಲ ಪ್ಯಾಕಿಂಗ್' ಎಂದು ಮಾರಾಟವಾಗುತ್ತವೆ. ಮಾತು ಸುಳ್ಳಲ್ಲ, ಆದರೆ ಆ ನಾಣ್ಯವನ್ನು ಒಮ್ಮೆ ಜಾಲಾಡಿ ಆಗಿದೆ. ಸೀಲ್ ಒಡೆದ ನಾಣ್ಯವನ್ನು ಮರುಮಾರುಕಟ್ಟೆಯಲ್ಲಿ ಕೊಳ್ಳುವವರು ಅದು ಒಮ್ಮೆ ಸೋಸಿದ ಸರಕು ಎಂದೇ ಭಾವಿಸಿ ಬೆಲೆ ಕಟ್ಟಬೇಕು.

ನ್ಯಾಯದ ಪ್ರಶ್ನೆ ಇಲ್ಲಿ ಬರುತ್ತದೆ. ಒಂದೇ ನಾಣ್ಯ ಸಿಕ್ಕವರಿಗೆ 70 ಬಂದರೆ ಅದೃಷ್ಟ, 69 ಬಂದರೆ ಗ್ರೇಡಿಂಗ್ ಶುಲ್ಕವೂ ಗಿಟ್ಟುವುದಿಲ್ಲ. ಐನೂರು ಸಿಕ್ಕವರಿಗೆ ಸರಾಸರಿ ಕೈಹಿಡಿಯುತ್ತದೆ. ಅದರ ಮೇಲೆ, 70 ಬಾರದ್ದನ್ನು 'ದೋಷ' ಎಂದು ಟಂಕಸಾಲೆಗೇ ಹಿಂತಿರುಗಿಸಲು ಬಿಟ್ಟರೆ ಅವರಿಗೆ ನಷ್ಟವೇ ಇಲ್ಲ. ಹಿಂತಿರುಗಿಸುವ ಹಕ್ಕು ಸಂಗ್ರಾಹಕರಿಗಿರಲಿ. ಸಗಟು ಪಾಲು ಪಡೆದವರಿಗೆ ಬರಿಗಣ್ಣಿಗೆ ಕಾಣುವ ದೋಷಕ್ಕೆ ಮಾತ್ರ ಇರಲಿ.

ಸ್ಲ್ಯಾಬ್ ಮೇಲಿನ ಲೇಬಲ್ ಬಗ್ಗೆಯೂ ಒಂದು ಮಾತು. ಗ್ರೇಡಿಂಗ್ ಕಂಪನಿ ಪಿಸಿಜಿಎಸ್‌ನ 'ಫಸ್ಟ್ ಸ್ಟ್ರೈಕ್', ಅಂಥದ್ದೇ ಇನ್ನೊಂದು ಕಂಪನಿ ಎನ್‌ಜಿಸಿಯ 'ಅರ್ಲಿ ರಿಲೀಸಸ್' ಎರಡೂ ಬಿಡುಗಡೆಯಾದ ಮೊದಲ 30 ದಿನಗಳಿಗೆ ಸಂಬಂಧಿಸಿದವು. ಅಚ್ಚಿನಿಂದ ಮೊದಲು ಹೊರಬಂದ ನಾಣ್ಯ ಎಂಬ ಅರ್ಥ ಅವಕ್ಕಿಲ್ಲ. ಟಂಕಸಾಲೆ ಒತ್ತಿದ ಕ್ರಮದಲ್ಲಿ ಪ್ಯಾಕ್ ಮಾಡಿ ಕಳಿಸುವುದಿಲ್ಲ. ಆದರೂ ಈ 30 ದಿನದ ಗಡಿಯೇ ಮೊದಲ ವಾರದ ನೂಕುನುಗ್ಗಲಿಗೆ ಒಂದು ದೊಡ್ಡ ಕಾರಣ.

ಇನ್ನು ಬೆಳ್ಳಿಯಲ್ಲಿ 'ಹಾಲಿನ ಕಲೆ' ಎಂದು ಕರೆಯುವ ಬಿಳಿ ಚುಕ್ಕೆಗಳು ಸ್ಲ್ಯಾಬ್‌ಗೆ ಸೇರಿದ ಮೇಲೂ ಮೂಡಬಹುದು. 70ಕ್ಕೆ ದುಪ್ಪಟ್ಟು ಕೊಡುವ ಮುನ್ನ ಇದು ನೆನಪಿರಲಿ.

ಬೆಳ್ಳಿತೂಕ:
ಚೀಟಿ ಎತ್ತುವ ಪದ್ಧತಿ ಕನಸಿನ ಮಾತಲ್ಲ. ಜಪಾನ್ ಟಂಕಸಾಲೆಯಲ್ಲಿ ಅರ್ಜಿಗಳು ನಾಣ್ಯಕ್ಕಿಂತ ಹೆಚ್ಚಾದರೆ ಲಾಟರಿ ಎತ್ತುತ್ತಾರೆ. ಜರ್ಮನಿಯ ಚಿನ್ನದ ಯೂರೋ ನಾಣ್ಯಗಳಿಗೂ ಬೇಡಿಕೆ ಮೀರಿದಾಗ ಅದೇ ಕ್ರಮ. ಆಸ್ಟ್ರೇಲಿಯಾದ ಟಂಕಸಾಲೆಗಳೂ ಇದನ್ನು ಬಳಸಿವೆ. ಅರ್ಜಿಗೆ ವಾರಗಟ್ಟಲೆ ಸಮಯ ಇರುವುದರಿಂದ ವೇಗದ ಮಾತೇ ಬರುವುದಿಲ್ಲ.

ಆದರೆ ಚೀಟಿಯಲ್ಲಿ ಮೋಸ ನಡೆಯುವ ಜಾಗವೇ ಬೇರೆ. ಲೆಕ್ಕ ನೋಡಿ. ನಾಣ್ಯ 30,000, ಡೀಲರ್ ಪಾಲು 3,000 ಕಳೆದರೆ 27,000. ಅರ್ಜಿ 90,000 ಬಂದರೆ ಒಂದು ಅರ್ಜಿಗೆ ಸಿಗುವ ಸಂಭವ ಶೇ 30. ಯಾರೋ 40 ಸುಳ್ಳು ಹೆಸರಲ್ಲಿ ಅರ್ಜಿ ಹಾಕಿದರೆ ಸರಾಸರಿ 12 ನಾಣ್ಯ ಸಿಗುತ್ತದೆ. 'ಗೆದ್ದವರಿಗೆ ತಲಾ ಒಂದೇ' ಎಂಬ ಮಿತಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಯಾಕೆಂದರೆ ಗೆದ್ದವರು ಕಾಗದದ ಮೇಲೆ ಹನ್ನೆರಡು ಬೇರೆ ಬೇರೆ ಜನ. ಬಿಗಿ ಇರಬೇಕಾದದ್ದು ಅರ್ಜಿ ಹಾಕುವ ಹಂತದಲ್ಲಿ.

ವಿಳಾಸ ನೋಡಿ ತಡೆಯುತ್ತೇವೆ ಎನ್ನುತ್ತಾರೆ. ಒಂದೇ ಮನೆಯನ್ನು 'ಮನೆ ನಂ. 12, 2ನೇ ಅಡ್ಡರಸ್ತೆ', '#12, ಎರಡನೇ ಕ್ರಾಸ್', '12/ಎ, 2ನೇ ಅ. ರಸ್ತೆ' ಎಂದು ಮೂರು ಬಗೆಯಲ್ಲಿ ಬರೆದರೆ ಕಂಪ್ಯೂಟರಿಗೆ ಅವು ಮೂರು ಮನೆ, ಅಂಚೆಯವರಿಗೆ ಒಂದೇ ಮನೆ. ಹೋಲಿಸುವ ಮೊದಲು ವಿಳಾಸವನ್ನು ಅಂಚೆ ಇಲಾಖೆಯ ದಾಖಲೆಯಲ್ಲಿರುವ ರೂಪಕ್ಕೆ ತರಬೇಕು. ಬೇರೆಡೆಗೆ ಪಾರ್ಸೆಲ್ ಸಾಗಹಾಕುವ ಏಜೆನ್ಸಿಗಳ ವಿಳಾಸಗಳನ್ನು ಪಟ್ಟಿಮಾಡಿ ತೆಗೆಯಬೇಕು. ಅದಷ್ಟೇ ಸಾಲದು, ಒಂದೇ ಪಾವತಿ ಕಾರ್ಡ್, ಒಂದೇ ಫೋನ್ ನಂಬರ್ ಇರುವ ಅರ್ಜಿಗಳನ್ನೂ ಒಟ್ಟಿಗೆ ಕಟ್ಟಿ ಒಂದೇ ಅರ್ಜಿಯಾಗಿ ಎಣಿಸಬೇಕು.

ಮನೆಗೋ ವ್ಯಕ್ತಿಗೋ ಎಂಬ ಪ್ರಶ್ನೆಯೂ ಇದೆ. ವ್ಯಕ್ತಿಗೆ ಒಂದು ಎಂದರೆ, ಅದೇ ಶೇ 30ರ ಲೆಕ್ಕದಲ್ಲಿ, ನಾಲ್ವರಿರುವ ಮನೆಗೆ ಕನಿಷ್ಠ ಒಂದು ಸಿಗುವ ಸಂಭವ ಶೇ 76. ಒಂಟಿಯಾಗಿರುವವರಿಗೆ ಶೇ 30. ಹಾಸ್ಟೆಲ್‌ನಲ್ಲಿರುವ ಇಬ್ಬರು ಸಂಗ್ರಾಹಕರಿಗೆ ಮನೆಯ ಮಿತಿ ಅನ್ಯಾಯ, ಒಂಟಿಯವರಿಗೆ ವ್ಯಕ್ತಿಯ ಮಿತಿ ಅನ್ಯಾಯ. ನನ್ನ ಆಯ್ಕೆ: ಬೇಡಿಕೆ ನಾಣ್ಯಕ್ಕಿಂತ ಎರಡು ಪಟ್ಟು ಮೀರಿದರೆ ಮನೆಗೆ ಒಂದು, ಇಲ್ಲದಿದ್ದರೆ ವ್ಯಕ್ತಿಗೆ ಒಂದು.

ಚೀಟಿ ಎತ್ತಿದ್ದು ನಿಜವೇ ಎಂದು ಪರೀಕ್ಷಿಸುವುದು ಹೇಗೆ? ಅರ್ಜಿ ಮುಚ್ಚಿದ ಮೇಲೆ ಅರ್ಜಿ ಸಂಖ್ಯೆಗಳ ಪಟ್ಟಿಯನ್ನು, ಹೆಸರಿಲ್ಲದೆ, ಪ್ರಕಟಿಸಲಿ. ಆಯ್ಕೆಗೆ ಬಳಸುವ ಬೀಜಸಂಖ್ಯೆಯನ್ನು (ಆಯ್ಕೆಯ ಸೂತ್ರಕ್ಕೆ ಮೊದಲು ಕೊಡುವ ಸಂಖ್ಯೆ) ಆಮೇಲಿನ ದಿನಾಂಕದ ಯಾವುದಾದರೂ ಸಾರ್ವಜನಿಕ ಲಾಟರಿ ಫಲಿತಾಂಶದಿಂದ ತೆಗೆದುಕೊಳ್ಳುತ್ತೇವೆ ಎಂದು ಮೊದಲೇ ಘೋಷಿಸಲಿ. ಸೂತ್ರ ಗೊತ್ತಿದ್ದವರು ಯಾರು ಬೇಕಾದರೂ ಮನೆಯಲ್ಲೇ ಕೂತು ಅದೇ ಫಲಿತಾಂಶ ಬರುತ್ತದೆಯೇ ನೋಡಬಹುದು.

ಮುಮ್ಮುಖ:
'ಸೀಮಿತ' ಎಂಬ ಪದವನ್ನೂ ಸ್ವಲ್ಪ ಉಜ್ಜಿ ನೋಡಬೇಕು. ಒಂದು ನಾಣ್ಯವನ್ನು ಒಟ್ಟಾರೆ ಎಷ್ಟು ಒತ್ತುತ್ತೇವೆ ಎಂಬುದು ಒಂದು ಮಿತಿ. ಒಂದು ಪ್ಯಾಕ್‌ನಲ್ಲಿ ಎಷ್ಟು ಮಾರುತ್ತೇವೆ ಎಂಬುದು ಇನ್ನೊಂದು. ಅಂಚುಗೆರೆ ಅವರು ಹೇಳಿದ 2017ರ ಸೆಟ್‌ನ 75,000 ಎರಡನೆಯ ಬಗೆಯದು. ಅದೇ 'ಎಸ್' ಗುರುತಿನ ಪ್ರೂಫ್ ಈಗಲ್ ಅದೇ ವರ್ಷ ಲಿಮಿಟೆಡ್ ಎಡಿಷನ್ ಸಿಲ್ವರ್ ಪ್ರೂಫ್ ಸೆಟ್‌ನಲ್ಲೂ ಬಂತು. ಮೊದಲ ದಿನ ಹೊಡೆದಾಡಿ ದುಬಾರಿ ಬೆಲೆಗೆ ಕೊಂಡವರು ಆ ಎರಡು ಮಿತಿಗಳ ವ್ಯತ್ಯಾಸ ನೋಡಿದ್ದರೆ ಕಾಯುತ್ತಿದ್ದರು. ಪ್ರಕಟಣೆ ಓದುವಾಗ ಮೊದಲು ಹುಡುಕಬೇಕಾದ ಸಾಲು ಇದೇ.

ಮಿತಿ ನಿಜವಾಗಿದ್ದೂ ಬಾಗಿಲು ಕಿರಿದಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ 1995ರ 'ಡಬ್ಲ್ಯು' (ವೆಸ್ಟ್ ಪಾಯಿಂಟ್) ಗುರುತಿನ ಪ್ರೂಫ್ ಸಿಲ್ವರ್ ಈಗಲ್ ಸಾಕ್ಷಿ. 30,125 ನಾಣ್ಯ, ಅದೂ ಚಿನ್ನದ ನಾಣ್ಯಗಳ ವಾರ್ಷಿಕೋತ್ಸವ ಸೆಟ್ ಕೊಂಡವರಿಗೆ ಮಾತ್ರ. ಬೆಳ್ಳಿ ಈಗಲ್ ಸರಣಿಯನ್ನು ವರ್ಷ ವರ್ಷ ಜೋಡಿಸಿಕೊಂಡು ಬಂದಿದ್ದವರ ಸಾಲಿನಲ್ಲಿ ಒಂದು ಖಾಲಿ ಗುಂಡಿ ಉಳಿಯಿತು. ಸರಣಿಯ ಮಧ್ಯದ ನಾಣ್ಯವನ್ನು ಹೀಗೆ ಬಂಧಿಸಿಡುವುದು ಬಿಡಿ ಸ್ಮರಣಾರ್ಥ ನಾಣ್ಯವನ್ನು ಮಿತಗೊಳಿಸಿದಂತಲ್ಲ. ಮೊನಾಕೊ 2007ರಲ್ಲಿ ಗ್ರೇಸ್ ಕೆಲ್ಲಿ ಎರಡು ಯೂರೋ ನಾಣ್ಯವನ್ನು 20,001 ಮಾತ್ರ ಒತ್ತಿದಾಗಲೂ ಎರಡು ಯೂರೋ ಸ್ಮರಣಾರ್ಥ ಸರಣಿ ಪೂರ್ತಿ ಮಾಡುವವರಿಗೆ ಇದೇ ಗತಿಯಾಯಿತು.

ಹಾಗಾಗಿ ಸರಣಿ ನಾಣ್ಯಗಳಿಗೆ ಚೀಟಿಯೂ ಬೇಡ ಎನ್ನುತ್ತೇನೆ. ಎರಡೋ ಮೂರೋ ವಾರ ಬುಕಿಂಗ್ ತೆರೆದಿಟ್ಟು, ಬಂದ ಬೇಡಿಕೆಯಷ್ಟೇ ಒತ್ತಿ, ಅಚ್ಚನ್ನು ರದ್ದು ಮಾಡಲಿ. ಕೊನೆಯ ಸಂಖ್ಯೆ ಮುಚ್ಚಿದ ದಿನ ತಿಳಿಯುತ್ತದೆ. ಬೇಕಾದವರೆಲ್ಲರಿಗೂ ಟಂಕಸಾಲೆಯ ಬೆಲೆಗೇ ಸಿಗುವುದರಿಂದ ಡೀಲರ್ ಸಾವಿರ ಕೊಂಡರೂ ಯಾರಿಗೂ ತೊಂದರೆಯಿಲ್ಲ.

ತಕ್ಕಡಿ:
ಒಪ್ಪುತ್ತೇನೆ. ಸಂಖ್ಯೆ ಮೊದಲೇ ಗೊತ್ತಿಲ್ಲದಿದ್ದರೆ ಡೀಲರ್‌ಗಳೂ ಎಚ್ಚರದಿಂದ ಕೊಳ್ಳುತ್ತಾರೆ.

ಹೊಸಪುಟ:
ಒಂದು ಸಂದೇಹ. ಬಿಡುಗಡೆಗೆ ಮುಂಚೆಯೇ ಕೆಲವು ಡೀಲರ್‌ಗಳು 'ನಿಮಗೆ ಸಿಕ್ಕ ನಾಣ್ಯವನ್ನು ಸೀಲ್ ಒಡೆಯದೆ ಕೊಡಿ, ಇಷ್ಟು ಹೆಚ್ಚು ಕೊಡುತ್ತೇವೆ' ಎಂದು ಜಾಹೀರಾತು ಕೊಡುತ್ತಾರೆ. ಇದು ಸರಿಯೇ? ಕೊಡುವುದಾದರೆ ಏನು ನೋಡಬೇಕು?

ತಕ್ಕಡಿ:
ಹೊಸಪುಟ ಅವರೇ, ನಿಮ್ಮ ಹಣದಲ್ಲಿ, ನಿಮ್ಮ ಹೆಸರಲ್ಲಿ ಕೊಂಡ ನಾಣ್ಯವನ್ನು ಮಾರುವುದು ನಿಮ್ಮ ಹಕ್ಕು. ಸಾಗಿಸುವ ವಿಳಾಸವನ್ನೇ ಡೀಲರ್‌ದು ಕೊಡಿ ಎಂದರೆ ಬೇಡ. ಮಿತಿ ತಪ್ಪಿಸುವ ಕೆಲಸ ಅದು, ಆರ್ಡರ್ ರದ್ದಾಗಬಹುದು.

ಉಳಿದಂತೆ, ಬೆಲೆಯನ್ನು ಲಿಖಿತವಾಗಿ ಪಡೆಯಿರಿ, ಅದರಲ್ಲಿ ಕೊನೆಯ ದಿನಾಂಕ ಇರಲಿ. 'ಮಾರುಕಟ್ಟೆ ಬೆಲೆ ಇಳಿದರೆ ದರ ಬದಲಾಗಬಹುದು' ಎಂಬ ಸಾಲು ಇದ್ದರೆ ಆ ಒಪ್ಪಂದ ಅವರನ್ನು ಕಟ್ಟಿಹಾಕುವುದಿಲ್ಲ, ನಿಮ್ಮನ್ನು ಮಾತ್ರ ಕಟ್ಟಿಹಾಕುತ್ತದೆ. ಪಾರ್ಸೆಲ್ ಬಂದ ಕೂಡಲೇ ತೆರೆಯಬೇಡಿ. ಹೊರಪೆಟ್ಟಿಗೆಯ ಮೇಲಿನ ಸಾಗಣೆ ಚೀಟಿಯ ದಿನಾಂಕವೇ ಮೊದಲ 30 ದಿನದ ಲೇಬಲ್‌ಗೆ ಪುರಾವೆ, ಹಾಗಾಗಿ ಟೇಪ್ ಕತ್ತರಿಸಿದರೆ ಡೀಲರ್ ದರ ಇಳಿಸುತ್ತಾರೆ. ಆರೂ ಮಗ್ಗುಲಿನ ಫೋಟೊ ತೆಗೆದು, ತೂಕ ಮಾಡಿ, ಇನ್ನೊಂದು ದೊಡ್ಡ ಪೆಟ್ಟಿಗೆಯೊಳಗೆ ಇಟ್ಟು, ಪೂರ್ತಿ ಬೆಲೆಗೆ ವಿಮೆ ಮಾಡಿಸಿ, ಸಹಿ ಪಡೆದು ತಲುಪಿಸುವ ಸೇವೆಯಲ್ಲಿ ಕಳಿಸಿ. ತಲುಪಿ ಎಷ್ಟು ದಿನದೊಳಗೆ ಹಣ ಎಂಬುದೂ ಬರವಣಿಗೆಯಲ್ಲಿರಬೇಕು.

ಹಿಮ್ಮುಖ:
ಹಕ್ಕು ಇದೆ, ನಿಜ. ಆದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನೂ ನೋಡಬೇಕು. 2014ರ ಆಗಸ್ಟ್‌ನಲ್ಲಿ ಕೆನಡಿ ಅರ್ಧ ಡಾಲರ್‌ನ ಚಿನ್ನದ ನಾಣ್ಯ ಬಂದಾಗ ಒಟ್ಟು ಸಂಖ್ಯೆಗೆ ಮಿತಿಯೇ ಇರಲಿಲ್ಲ, ಬೇಕಾದವರು ಆರ್ಡರ್ ಮಾಡಬಹುದಿತ್ತು. ಆದರೂ ಷಿಕಾಗೊ ನಾಣ್ಯ ಪ್ರದರ್ಶನದಲ್ಲಿ ದಿನಕ್ಕೆ ಇಷ್ಟು ಎಂದು ಮಾರಿದ್ದರಿಂದ, ಡೀಲರ್‌ಗಳು ಹಣ ಕೊಟ್ಟು ಜನರನ್ನು ರಾತ್ರಿಯಿಡೀ ಸಾಲಿನಲ್ಲಿ ನಿಲ್ಲಿಸಿದರು. ನೂಕುನುಗ್ಗಲು ಹೆಚ್ಚಿ, ಸುರಕ್ಷತೆಯ ಕಾರಣ ಕೊಟ್ಟು ಟಂಕಸಾಲೆ ಪ್ರದರ್ಶನದ ಜೊತೆಗೆ ತನ್ನ ಕೌಂಟರ್‌ಗಳಲ್ಲೂ ಆ ನಾಣ್ಯದ ಮಾರಾಟ ನಿಲ್ಲಿಸಿತು. ಅಲ್ಲಿ ಅಭಾವ ಇದ್ದದ್ದು ಮೊದಲ ದಿನದ ಲೇಬಲ್‌ಗೆ, ನಾಣ್ಯಕ್ಕಲ್ಲ. ನಿಜವಾದ ಸಂಗ್ರಾಹಕರು ಬರಿಗೈಯಲ್ಲಿ ಹಿಂತಿರುಗಿದರು.

ಸರತಿಸಾಲು:
ಸಿಗದೆ ಉಳಿದವರಿಗೆ: ಮೊದಲ ವಾರ ಏನನ್ನೂ ಕೊಳ್ಳಬೇಡಿ. ಆಗ ಕಾಣುವ ಬಹುಪಾಲು ಜಾಹೀರಾತು ಕೈಯಲ್ಲಿ ನಾಣ್ಯ ಇಲ್ಲದವರದ್ದು. ಬೆಲೆ ಇಳಿದರೆ ಕೊಂಡು ಕೊಡುತ್ತಾರೆ, ಏರಿದರೆ 'ಸ್ಟಾಕ್ ಇಲ್ಲ' ಎಂದು ಹಣ ವಾಪಸ್ ಮಾಡುತ್ತಾರೆ. ಮಾರುವವರ ಬಳಿ ಅದೇ ನಾಣ್ಯದ ಜೊತೆ ಅಂದಿನ ದಿನಾಂಕ ಬರೆದ ಚೀಟಿ ಇಟ್ಟ ಫೋಟೊ ಕೇಳಿ. ಕೇಳುವ ಬೆಲೆ ನೋಡಬೇಡಿ, ಮಾರಾಟವಾಗಿ ಮುಗಿದ ಬೆಲೆಗಳನ್ನು ನೋಡಿ. ಮೂವತ್ತು ದಿನದ ಗಡಿ ಮುಗಿದು, ಗ್ರೇಡಿಂಗ್‌ಗೆ ಹೋದ ರಾಶಿ ಮರಳಿ ಬಂದಾಗ ಪೂರೈಕೆ ಹೆಚ್ಚುತ್ತದೆ, ಬೆಲೆ ಸಾಮಾನ್ಯವಾಗಿ ಆಗ ತಣಿಯುತ್ತದೆ. ತೀರಾ ಕಡಿಮೆ ಸಂಖ್ಯೆಯ ನಾಣ್ಯಕ್ಕೆ ಈ ಮಾತು ಹೊಂದುವುದಿಲ್ಲ. 2020ರ ನವೆಂಬರ್ 5ರಂದು ಬಂದ, ಎರಡನೇ ಮಹಾಯುದ್ಧ ಮುಗಿದ 75ನೇ ವರ್ಷದ ಗುರುತಿದ್ದ ಚಿನ್ನದ ಈಗಲ್ 1,945 ಮಾತ್ರ. ಅದರ ಜೊತೆಯ ಬೆಳ್ಳಿಯದು 75,000. ಎರಡಕ್ಕೂ ಒಂದೇ ತಂತ್ರ ನಡೆಯದು.

ಅಂಚುಗೆರೆ:
ಒಂದು ವಿಷಯ ಬಿಟ್ಟುಹೋಗಿದೆ: ರದ್ದಾದ ಆರ್ಡರ್‌ಗಳು, ಕಾರ್ಡ್ ತಿರಸ್ಕೃತವಾದವು, ವಾಪಸ್ ಬಂದ ನಾಣ್ಯಗಳು. ಇವು ಕೆಲವು ವಾರಗಳ ಮೇಲೆ ಯಾವುದೋ ಹೊತ್ತಿನಲ್ಲಿ ಸದ್ದಿಲ್ಲದೆ ವೆಬ್‌ಸೈಟಿನಲ್ಲಿ ಕಾಣಿಸಿಕೊಂಡು ಕ್ಷಣದಲ್ಲಿ ಮಾಯವಾಗುತ್ತವೆ. ಪುಟವನ್ನು ನಿಮಿಷಕ್ಕೊಮ್ಮೆ ತಡಕುವ ಪ್ರೋಗ್ರಾಂ ಇಟ್ಟವರಿಗೇ ಅವು ದಕ್ಕುವುದು. ಚೀಟಿ ಎತ್ತುವಾಗಲೇ ಗೆದ್ದವರ ನಂತರದ ಕ್ರಮಸಂಖ್ಯೆಗಳನ್ನೂ ಇಟ್ಟುಕೊಂಡರೆ, ಬಂದ ಪ್ರತಿ ನಾಣ್ಯವನ್ನು ಆ ಸಾಲಿನ ಮುಂದಿನವರಿಗೆ ಇಮೇಲ್ ಮಾಡಿ, 48 ಗಂಟೆ ಸಮಯ ಕೊಟ್ಟು ಮಾರಬಹುದು. ಬೆಳ್ಳಿತೂಕ ಅವರೇ, ನಿಮ್ಮ ಲೆಕ್ಕದ 27,000ದಲ್ಲಿ ನೂರಕ್ಕೆ ಮೂರು ಹೀಗೆ ಮರಳಿದರೂ 810 ನಾಣ್ಯ. ಅಷ್ಟು ಜನರಿಗೆ ಟಂಕಸಾಲೆಯ ಬೆಲೆಗೇ ಸಿಗುತ್ತದೆ.